ಹುಬ್ಬಯ್ಯನ ಬಡ್ತಿ

ಆ ಶುಕ್ರವಾರ ಸಂಜೆ ಮಾಗಡಿಯ ಟೆಂಟಿನೊಳಗೆ ಯಾರು ಯಾರಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದುಗಡೆ ಕುರ್ಚಿಯಲ್ಲಿ ಟೂರಿಂಗ್ ಟಾಕೀಸಿನ ಯಜಮಾನರು. ಅವರ ಪಕ್ಕದ ಕುರ್ಚಿಯ ತುದಿಯಲ್ಲಿ ನಾನು. ಟಿಕೆಟ್ಟಿಲ್ಲದೆ ಬಂದವನು ಕುರ್ಚಿಯ ತುಂಬ ಕೂರುವುದು ಚೆನ್ನಾಗಿರುವುದಿಲ್ಲ ನೋಡಿ. ನಮ್ಮ ಮುಂದೆ ಬೆಂಚಿನವರು. ಅವರ ಮುಂದೆ, ನೆಲದ ಮರಳನ್ನೇ ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತ ಊರಿನ ಅರ್ಧ ಜನ. ಅವರ ನಡುವೆ ಕಂಬಳಿ ಹೊದ್ದು, ಕೋಲಿನ ಮೇಲೆ ಗದ್ದ ಊರಿಕೊಂಡು, ಸಾವನದುರ್ಗದ ತಪ್ಪಲಿನ ಕುರಿ ದೊಡ್ಡಯ್ಯ. ಇನ್ನು ಪರದೆಯ ಪಕ್ಕದಲ್ಲಿ ತಗಡಿನ ಕಹಳೆ ಹಿಡಿದು ನೆಟ್ಟಗೆ ನಿಂತವನು ನಮ್ಮ ಸೋದರಮಾವ.

ಸ್ವಾತಂತ್ರ್ಯ ಬಂದು ಇಂಗ್ಲಿಷರೆಲ್ಲ ಹಡಗು ಹತ್ತಿದ ಮೇಲೂ ಒಬ್ಬ ಇಂಗ್ಲಿಷಿನವನಿಗೆ ಬಡ್ತಿಯ ಮೇಲೆ ಬಡ್ತಿ ಕೊಡುತ್ತಿದ್ದ ಮನುಷ್ಯ ಇಡೀ ಮೈಸೂರು ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ಈ ನಮ್ಮ ಮಾವ. ಸರಕಾರಕ್ಕೆ ಈ ವಿಷಯ ಗೊತ್ತಿರಲಿಲ್ಲ. ಬಡ್ತಿ ಪಡೆದವನಿಗೂ ಗೊತ್ತಿರಲಿಲ್ಲ. ಮಾಗಡಿಯ ಜನಕ್ಕೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮಾವ ಬೆಂಗಳೂರು ದಂಡಿನಲ್ಲಿ ಒಬ್ಬ ಸೈನ್ಯದ ದೊರೆಯ ಬಂಗಲೆಯಲ್ಲಿ ಹದಿನಾಲ್ಕು ವರ್ಷ ಬಟ್ಲರ್ ಆಗಿದ್ದವನು. ದೊರೆ ದೇಶ ಬಿಟ್ಟು ಹೋಗುವಾಗ ಇವನಿಗೊಂದು ಉಣ್ಣೆ ಕೋಟು ಕೊಟ್ಟು ಹೋದ. ಮಾವ ಆ ಕೋಟನ್ನೂ, ಹದಿನಾಲ್ಕು ವರ್ಷದ ಇಂಗ್ಲಿಷನ್ನೂ ಹೊತ್ತುಕೊಂಡು ಊರಿಗೆ ಬಂದ. ಅವನ ಇಂಗ್ಲಿಷಿಗೆ ಒಂದೇ ಒಂದು ಊನ. ನಿಂತಿದ್ದರೆ ಮಾತ್ರ ಬರುತ್ತಿತ್ತು. ಕೂತರೆ ಒಂದು ಅಕ್ಷರ ಬಾಯಿಂದ ಹೊರಡುತ್ತಿರಲಿಲ್ಲ. ನಿಂತು ಕಲಿತದ್ದು ಕೂತರೆ ಬರಲಿ ಎಂದರೆ ಹೇಗೆ?

ನಮ್ಮ ಮನೆಯಲ್ಲಿದ್ದಾಗ ಅವನ ಉಪಚಾರ ತಾಳುವುದು ಸುಲಭವಿರಲಿಲ್ಲ. ಮೊಣಕೈಯ ಮೇಲೆ ಬಿಳಿ ಟವಲು ಇಳಿಬಿಟ್ಟು, ಬೆಕ್ಕಿನಂತೆ ಸದ್ದಿಲ್ಲದೆ ಎಡಗಡೆಯಿಂದ ಬಂದು ಮುದ್ದೆ ಬಡಿಸುವನು. ಹಾಲಿನವಳು ಬಂದರೆ ಒಳಗೆ ಬಂದು, ಎದುರಿನ ಗೋಡೆಯನ್ನೇ ದಿಟ್ಟಿಸುತ್ತ, "ಹಾಲು ದಯಮಾಡಿಸಿದೆ" ಎಂದು ಸಾರುವನು.

"ಲೋ, ಅದೇನು ಕಳ್ಳ ಬಂದಂಗೆ ಬತ್ತೀಯೋ," ಎಂದು ನಮ್ಮವ್ವ ರೇಗುತ್ತಿದ್ದಳು. "ಒಸಿ ಕಾಲು ಸಪ್ಪಳ ಮಾಡ್ಕಂಡು ಬಾ. ನನ್ನ ಜೀವ ಹೋಯ್ತದೆ."

"ಸಪ್ಪಳ ಬಂದ್ರೆ ಕೆಲಸ ಹೋಯ್ತದೆ ಕಣಕ್ಕ," ಎನ್ನುತ್ತಿದ್ದ ಮಾವ.

ಇಂಥವನು ಟೂರಿಂಗ್ ಟಾಕೀಸಿನ ಕೈಗೆ ಸಿಕ್ಕಿದ್ದು ಹೀಗೆ. ರಾಮನಗರವನ್ನು ಹಳಬರು ಇನ್ನೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದ ಕಾಲ ಅದು. ಯಜಮಾನರ ಟೆಂಟು ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಎಂದು ಕೆಲವು ತಿಂಗಳಿಗೊಂದು ಊರಿನಂತೆ ಸುತ್ತುತ್ತಿತ್ತು. ಅವರು ಬೆಂಗಳೂರಿನಿಂದ ಐದು ಹಳೇ ಇಂಗ್ಲಿಷ್ ಚಿತ್ರಗಳನ್ನು ತಂದಿಟ್ಟುಕೊಂಡಿದ್ದರು. ಓಡಿ ಓಡಿ ಸವೆದ ರೀಲುಗಳು. ಹೆಸರು ಬರುವ ಮೊದಲ ಭಾಗವೇ ಹರಿದುಹೋಗಿತ್ತು. ಚಿತ್ರದ ಹೆಸರೇನು, ನಟಿಸಿದವರು ಯಾರು, ಒಂದೂ ತಿಳಿಯದು. ಐದಕ್ಕೂ ಒಂದೇ ಬೋರ್ಡು: 'ಇಂಗ್ಲಿಷ್ ಫೈಟಿಂಗ್ ಚಿತ್ರ'. ಪ್ರತಿ ಶುಕ್ರವಾರ ಒಂದು. ಯಂತ್ರವೂ ಒಂದೇ ಆದ್ದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಆ ಸಂದಿನಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಲಿಕ್ಕೆ ನಮ್ಮ ಮಾವ. ನಿಂತೇ ಮಾಡುವ ಕೆಲಸ, ಕೋಟಿಗೂ ಮರ್ಯಾದೆ. ಅವನಿಗೆ ಇನ್ನೇನು ಬೇಕು?

ಮೊದಲನೇ ಶುಕ್ರವಾರವೇ ಅದು ನಡೆಯಿತು. ಪರದೆಯ ಮೇಲೆ ಚೆಲುವ ನಾಯಕ ಚೆಲುವೆ ನಾಯಕಿಗೆ ಏನೋ ಗುಟ್ಟು ಹೇಳುತ್ತಿದ್ದ. ಹಿಂದಿನ ಬಾಗಿಲಿನಿಂದ ಒಬ್ಬ ವಯಸ್ಸಾದ ಬಟ್ಲರ್ ತಟ್ಟೆ ಹಿಡಿದು ಬಂದ. ಹುಬ್ಬು ಎಂದರೆ ಹುಬ್ಬು. ಹಣ್ಣಾದ ರೇಷ್ಮೆ ಹುಳ ಎರಡು ಹಣೆಯ ಮೇಲೆ ಹತ್ತಿ ಕೂತಂತೆ. ಮಾವ ನಾಯಕನನ್ನೂ ನಾಯಕಿಯನ್ನೂ ಅಲ್ಲೇ ಬಿಟ್ಟ. ರೀಲು ಮುಗಿಯುವುದನ್ನೂ ಕಾಯದೆ ಕಹಳೆ ಬಾಯಿಗಿಟ್ಟು ಹೇಳಿದ: "ಮಹಾಜನಗಳೇ, ಇವರು ಕೆಲಸ ಬಲ್ಲವರು. ತಟ್ಟೆ ಬೆರಳ ತುದೀಲಿ ನಿಂತಿದೆ ನೋಡಿ, ಅಂಗೈಲಿ ಅಲ್ಲ. ಬಟ್ಟಲು ಅಲುಗಲಿಲ್ಲ, ನೋಡಿದ್ರಾ?"

ನೆಲದ ಜನಕ್ಕೆ ಬೇರೆಯದೇ ಆಶ್ಚರ್ಯ. "ಬಟ್ಲರಣ್ಣ, ಬಿಳೀ ಜನಾನೂ ಬಿಳೀ ಜನದ ತಟ್ಟೆ ಎತ್ತುತಾರಾ?" ಎಂದು ಒಬ್ಬ ಕೇಳಿದ.

"ಮತ್ತೆ? ಅಲ್ಲಿ ನಾವು ಇರ್ಲಿಲ್ವಲ್ಲ," ಎಂದ ಮಾವ.

ನಾಯಕ ನಾಯಕಿಗೆ ಹೇಳಿದ ಗುಟ್ಟು ಏನೆಂಬುದು ಮಾಗಡಿಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಆ ಬಟ್ಲರಿಗೆ ಮಾತ್ರ ಆ ಸಂಜೆಯೇ ಹೆಸರು ಬಿತ್ತು: ಹುಬ್ಬಯ್ಯ.

ಮುಂದಿನ ಶುಕ್ರವಾರ ಬೇರೆ ಚಿತ್ರ. ಕಥೆ ಬೇರೆ, ನಾಯಕ ಬೇರೆ. ಅದರಲ್ಲೊಬ್ಬ ಪೊಲೀಸ್ ಅಧಿಕಾರಿ ಬಂದ. ಟೋಪಿಯ ಕೆಳಗೆ ಅದೇ ಎರಡು ಹುಳ! ಬೇರೆ ಯಾರಾದರೂ ಆಗಿದ್ದರೆ ನಟ ಒಬ್ಬನೇ, ವೇಷ ಬೇರೆ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಮಾವ ಹಾಗೆ ಹೇಳಲಿಲ್ಲ. "ಹೋದ ವಾರ ತಟ್ಟೆ ಹಿಡಿದಿದ್ದವರು ಈ ವಾರ ಪೊಲೀಸ್ ಇಲಾಖೆಗೆ ಸೇರಿದ್ದಾರೆ," ಎಂದು ಸಾರಿದ. ಟೆಂಟು ಚಪ್ಪಾಳೆ ತಟ್ಟಿತು. ಮೂರನೇ ವಾರ ಡಾಕ್ಟರು. "ಕೆಲಸದಲ್ಲಿದ್ದುಕೊಂಡೇ ಓದಿದ್ದಾರೆ," ಎಂದ ಮಾವ. ಆ ಚಿತ್ರದ ಅರ್ಧದಲ್ಲಿ ಯಾರೋ ಡಾಕ್ಟರಿಗೆ ಚಹಾದಲ್ಲಿ ವಿಷ ಹಾಕಿ ಕೊಂದುಬಿಟ್ಟರು. ಅರ್ಧ ನೆಲ ಎದ್ದು ಮನೆಗೆ ಹೊರಟಿತು. ಯಜಮಾನರು ಕುರ್ಚಿಯಿಂದ ಎದ್ದು, ಏನಾದರೂ ಹೇಳು ಎಂದು ಮಾವನಿಗೆ ಕೈ ಬೀಸಿದರು. ಮಾವ ಅಲುಗದೆ, "ಸತ್ತಿಲ್ಲ. ರಜೆ ಹಾಕಿದ್ದಾರೆ. ಮುಂದಿನ ಶುಕ್ರವಾರ ಬರ್ತಾರೆ," ಎಂದ. ಬಂದರು ಕೂಡ, ಜಡ್ಜ್ ಸಾಹೇಬರಾಗಿ. ಅವರು ನಾಯಕನಿಗೆ ಗಲ್ಲು ಶಿಕ್ಷೆ ಕೊಟ್ಟಾಗ ಮಾಗಡಿ ಒಂದು ಕ್ಷಣವೂ ನಾಯಕನ ಪಕ್ಷ ವಹಿಸಲಿಲ್ಲ. ಕಷ್ಟಪಟ್ಟು ಮೇಲೆ ಬಂದ ಮನುಷ್ಯ ಸುಮ್ಮಸುಮ್ಮನೆ ಗಲ್ಲಿಗೆ ಹಾಕುತ್ತಾನೆಯೇ?

ಐದನೇ ಶುಕ್ರವಾರವೇ ನಾನು ಮೊದಲು ಹೇಳಿದ ಆ ಶುಕ್ರವಾರ. ಆವತ್ತಿನ ಚಿತ್ರದಲ್ಲಿ ಹುಬ್ಬಯ್ಯ ಒಂದು ದೊಡ್ಡ ಮನೆಯ ಬಾಗಿಲು ತೆರೆದ. ಬಾಗಿಲು ಮುಚ್ಚಿದ. ಅಷ್ಟೆ. ಮಾತೂ ಇಲ್ಲ, ಕೈಯಲ್ಲಿ ತಟ್ಟೆಯೂ ಇಲ್ಲ. ಟೆಂಟಿನೊಳಗೆ ಗದ್ದಲವೆದ್ದಿತು.

"ಜಡ್ಜ್ ಸಾಹೇಬ್ರನ್ನ ಬಾಗ್ಲು ಕಾಯಾಕೆ ಹಾಕವ್ರಲ್ಲಾ, ಯಾವನ್ಲಾ ಈ ಕೆಲ್ಸ ಮಾಡಿದ್ದು?"

"ಗಲ್ಲಿಗಾಕಿದ್ರಲ್ಲ, ಅವನ ಕಡೆಯೋರೇ ಕಣ್ಲಾ. ಮ್ಯಾಗಿನೋರಿಗೆ ಯೋಳಿ ಮಾಡ್ಸವ್ರೆ."

ನಾನು ಆಗ ತಾನೇ ಬಿ.ಎ. ಮುಗಿಸಿ ಮಾಗಡಿಯಲ್ಲಿ ಮೇಷ್ಟರಾಗಿ ಬಂದಿದ್ದೆ. ಬಿ.ಎ. ಹೊಸದಾಗಿದ್ದಾಗ ಬಾಯಿ ಸುಮ್ಮನಿರುವುದಿಲ್ಲ. ದೀಪ ಹತ್ತಿದ್ದೇ ಎದ್ದು ನಿಂತು ಹೇಳಿದೆ: "ಇವರೆಲ್ಲ ಬೇರೆ ಬೇರೆ ಜನ. ಬಿಳಿಯರೆಲ್ಲ ನಮ್ಮ ಕಣ್ಣಿಗೆ ಒಂದೇ ಥರ ಕಾಣ್ತಾರೆ, ಅಷ್ಟೆ. ಹುಬ್ಬು ಬೇಕಾದರೆ ಅಂಟಿಸಿಕೊಳ್ಳಬಹುದು. ನಮ್ಮ ಮಾವ ಕಥೆ ಕಟ್ಟುತ್ತಿದ್ದಾರೆ."

ಯಜಮಾನರು ಮಾವನತ್ತ ತಿರುಗಿದರು. "ನೋಡಿ ಬಟ್ಲರಣ್ಣ, ಸುಳ್ಳು ಹೇಳ್ತೀವಿ ಅಂತ ಜನಕ್ಕೆ ಅನ್ಸುದ್ರೆ ನಾಳೆಯಿಂದ ಒಬ್ರೂ ಬರಲ್ಲ. ಅವರೆಲ್ಲ ಒಬ್ರೇ ಅಂತ ಬರೋ ಶುಕ್ರವಾರದೊಳಗೆ ರುಜುವಾತು ಮಾಡಿ. ಆಗಲಿಲ್ಲ ಅಂದ್ರೆ ಕಹಳೆ ಕೆಳಗಿಡಿ."

ಮಾವ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. "ಅಳಿಯ," ಎಂದ ಮೆಲ್ಲಗೆ, "ಅವರು ಒಬ್ಬರೇ ಕಣಪ್ಪ. ಹದಿನಾಲ್ಕು ವರ್ಷ ನಿಂತು ಕೆಲಸ ಮಾಡಿದ್ದೀನಿ. ನಿಂತವರ ಗುರುತು ನಂಗೆ ಸಿಕ್ಕಲ್ವಾ?"

ಆಗ ನೆಲದಿಂದ ಕಂಬಳಿಯೊಂದು ಎದ್ದಿತು. ಕುರಿ ದೊಡ್ಡಯ್ಯ.

"ಮೇಷ್ಟ್ರೇ, ನನ್ ತಾವ ಇನ್ನೂರು ಕುರಿ ಅವೆ. ನಿಮ್ಗೆ ಎಲ್ಲಾ ಒಂದೇ ತರ ಕಾಣ್ತವಾ?"

"ಕಾಣ್ತವೆ ದೊಡ್ಡಯ್ಯ."

"ನಂಗೆ ಕಾಣಾಕಿಲ್ಲ," ಎಂದ. "ಆವಯ್ಯ ಒಬ್ರೇಯ. ಎಡಗಾಲು ಎಳೀತಾ ಅವ್ರೆ. ಯಾರ್ಗೂ ಕಾಣ್ಬಾರ್ದು ಅಂತ ಮುಚ್ಚಿಟ್ಕಂಡು ನಡೀತಾರೆ. ನೀವು ಮಕ ನೋಡ್ತಾ ಕುಂತಿದ್ರಿ."

ಶನಿವಾರ ಸಂಜೆ, ಆಟ ಶುರುವಾಗುವ ಮುಂಚೆ, ದೊಡ್ಡಯ್ಯನಿಗೋಸ್ಕರ ಪರೀಕ್ಷೆ ಏರ್ಪಾಟಾಯಿತು. ಐದೂ ಪೆಟ್ಟಿಗೆ ತೆಗೆಸಿ, ಹುಬ್ಬಯ್ಯ ನಡೆದಾಡುವ ತುಂಡುಗಳನ್ನಷ್ಟೇ ಯಜಮಾನರು ಓಡಿಸಿದರು. ದೊಡ್ಡಯ್ಯ ಪರದೆಯ ಬುಡಕ್ಕೇ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಮುಖದ ಕಡೆಗೆ ಕಣ್ಣೆತ್ತಲಿಲ್ಲ. ಮಂದೆ ದೊಡ್ಡಿಗೆ ನುಗ್ಗುವಾಗ ಬಾಗಿಲಲ್ಲಿ ಕೂತು ಒಂದೊಂದೇ ಕಾಲು ನೋಡುತ್ತಾರಲ್ಲ, ಹಾಗೆ ನೋಡಿದ. ಒಂದು ಕಡೆ ತಡೆದು, "ಅದನ್ನ ಇನ್ನೊಂದು ಕಿತ ಬುಡಿ," ಎಂದ. ಬಿಟ್ಟರು. ತಲೆಯಾಡಿಸಿದ.

"ಒಬ್ರೇ," ಎಂದ. "ಜಡ್ಜು ಆದಾಗ ಒಸಿ ಎಳೀತಾರೆ. ಡಾಕ್ಟ್ರಾದಾಗ ಅದ್ಕಿಂತ ಜಾಸ್ತಿ. ಪೋಲೀಸಲ್ಲಿ ಇನ್ನೂ ಜಾಸ್ತಿ. ಆಮ್ಯಾಕೆ ತಟ್ಟೆ. ಬಾಗ್ಲು ತೆಗೀವಾಗ ಪಾಪ, ಬಾಗ್ಲನ್ನೇ ಹಿಡ್ಕಂಡು ನಿಂತವ್ರೆ."

ನಾವು ಹಿಂದಿನ ಸಂಜೆಯೇ ನೋಡಿದ್ದರೂ ಕಾಣದ್ದು ಆಗ ಕಂಡಿತು. ಬಾಗಿಲು ತೆರೆಯುವ ನೆಪದಲ್ಲಿ ಹುಬ್ಬಯ್ಯ ಅದಕ್ಕೆ ಆತುಕೊಂಡಿದ್ದ.

"ಒಂದೇ ಒಂದು ಗೊತ್ತಾಗ್ಲಿಲ್ಲ," ದೊಡ್ಡಯ್ಯ ನನ್ನತ್ತ ತಿರುಗಿದ. "ಕಾಲು ವಾಸಿ ಆಯ್ತಾ ಬತ್ತಾ ಐತಾ, ಕೆಡ್ತಾ ಬತ್ತಾ ಐತಾ? ಯಾವ್ದು ಮೊದ್ಲು ತೆಗ್ದಿದ್ದು, ಯಾವ್ದು ಆಮ್ಯಾಕೆ? ಓದಿದೋರು ನೀವು, ಅದನ್ನ ತಿಳ್ಕಂಡು ಯೋಳಿ."

ಎಂಥ ಪ್ರಶ್ನೆ ನೋಡಿ! ಐದು ವಾರ ಟೆಂಟಿನಲ್ಲಿ ಕೂತ ಯಾರಿಗೂ ಹೊಳೆಯದ ಪ್ರಶ್ನೆ. ಮಾವ ಕಹಳೆಯನ್ನು ಎದೆಗವಚಿಕೊಂಡು ನಿಂತಿದ್ದ. ಹುಬ್ಬಯ್ಯ ಬಾಗಿಲಿನಿಂದ ಜಡ್ಜಿನ ಕುರ್ಚಿಗೆ ಹೋದನೋ, ಜಡ್ಜಿನ ಕುರ್ಚಿಯಿಂದ ಬಾಗಿಲಿಗೆ ಬಂದನೋ? ಮಾವ ಕೊಟ್ಟ ಬಡ್ತಿಗಳೆಲ್ಲ ಈಗ ಒಂದು ಎಡಗಾಲಿನ ಮೇಲೆ ನಿಂತಿದ್ದವು.

ಸೋಮವಾರ ಬೆಂಗಳೂರಿನ ಬಸ್ಸು ಹತ್ತಿದೆ. ಕುರಿ ಕಾಯುವವನ ಮಾತು ಸುಳ್ಳಾಗಲಿ ಎಂಬ ಆಸೆ ಇರಲಿಲ್ಲ ಎಂದರೆ ಅದೂ ಸುಳ್ಳೇ. ಚಿತ್ರ ಹಂಚುವ ಕಚೇರಿಯಲ್ಲಿ ಕನ್ನಡಕದ ಮುದುಕ ಗುಮಾಸ್ತರೊಬ್ಬರು ಧೂಳು ಕೊಡವಿ ಒಂದು ಕಟ್ಟು ಬಿಚ್ಚಿದರು. ಪ್ರತಿ ಚಿತ್ರದ ಜೊತೆಗೂ ಅಚ್ಚಾದ ಒಂದು ಹಾಳೆ ಬರುತ್ತಿತ್ತಂತೆ. ಅದರಲ್ಲಿ ನಟರ ಫೋಟೋ, ಹೆಸರು, ಚಿತ್ರ ತೆಗೆದ ವರ್ಷ. ಐದು ಹಾಳೆಯನ್ನೂ ಮೇಜಿನ ಮೇಲೆ ಹರಡಿದೆವು. ಐದರಲ್ಲೂ ಅದೇ ಹುಬ್ಬು. ಜಡ್ಜಿನ ಚಿತ್ರದಲ್ಲಿ ಹೆಸರು ಮೇಲಿನಿಂದ ಮೂರನೆಯದು. ಡಾಕ್ಟರಿನದರಲ್ಲಿ ಆರನೆಯದು. ಪೊಲೀಸಿನದರಲ್ಲಿ, ತಟ್ಟೆಯದರಲ್ಲಿ ಇನ್ನೂ ಕೆಳಗೆ, ಇನ್ನೂ ಸಣ್ಣಕ್ಷರದಲ್ಲಿ. ಬಾಗಿಲಿನ ಚಿತ್ರದ ಹಾಳೆಯಲ್ಲಿ ಹೆಸರೇ ಇರಲಿಲ್ಲ. ವರ್ಷಗಳೂ ಅದೇ ಕ್ರಮದಲ್ಲಿ ಇದ್ದವು, ಜಡ್ಜಿನದು ಎಲ್ಲಕ್ಕೂ ಮೊದಲು, ಬಾಗಿಲಿನದು ಕೊನೆಗೆ. ಒಂದಾದರೂ ದೊಡ್ಡಯ್ಯನ ಮಾತು ಮೀರಬೇಕಲ್ಲ!

ಜಡ್ಜಿನ ಚಿತ್ರದ ಹಾಳೆಯ ಹಿಂದೆ ನಾಲ್ಕು ಸಾಲಿನ ಚರಿತ್ರೆಯೂ ಇತ್ತು. ಲಂಡನ್ನಿನ ನಾಟಕಗಳಲ್ಲಿ ಮೂವತ್ತು ವರ್ಷ ಪಾತ್ರ ಮಾಡಿದವನು. ಚಿತ್ರಗಳಿಗೆ ಮಾತು ಬಂದ ಹೊಸದರಲ್ಲಿ, ಹಾಲಿವುಡ್ಡಿನವರಿಗೆ ತಿದ್ದಿ ಮಾತಾಡಬಲ್ಲ ಬಾಯಿಗಳು ಬೇಕಾದಾಗ, ಹಡಗು ಹತ್ತಿ ಹೋದವನು. ಹೋದ ಹೊಸದರಲ್ಲಿ ದೊಡ್ಡ ಪಾತ್ರಗಳೇ ಸಿಕ್ಕಿದವು. ಒಮ್ಮೆ ಚಿತ್ರೀಕರಣದಲ್ಲಿ ಕುದುರೆಯಿಂದ ಬಿದ್ದು ಕಾಲಿಗೆ ಪೆಟ್ಟಾಯಿತು. 'ಈಗ ಗುಣಮುಖರಾಗಿದ್ದಾರೆ' ಎಂದು ಹಾಳೆ ಹೇಳುತ್ತಿತ್ತು. ಆಗಿರಲಿಲ್ಲ ಎಂದು ಮಾಗಡಿಯ ಕುರಿಗಾರನಿಗೆ ಗೊತ್ತಿತ್ತು.

ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವನು ಬೇರೆ ಯಾರೋ ಆಗಿಬಿಡುತ್ತಾನೆ.

ಊರಿಗೆ ಬಂದು ಮಾವನಿಗೆ ಎಲ್ಲ ಹೇಳಿದೆ. ಅವನು ಹೆಸರನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದ. ಆಮೇಲೆ ಕೇಳಿದ:

"ಹಂಗಾರೆ ಇಳೀತಾ ಬಂದ್ರಾ?"

"ಹೂಂ ಮಾವ. ಇಳೀತಾನೇ ಬಂದಿದ್ದು."

"ಜಡ್ಜಾಗಿದ್ದೋರು ತಟ್ಟೆ ಹಿಡಿದ್ರು," ಎಂದ. ಮೊಣಕೈಯ ಟವಲು ಸರಿಮಾಡಿಕೊಂಡು, "ಆದ್ರೂ ಬಟ್ಟಲು ಅಲುಗಲಿಲ್ಲ ಕಣೋ," ಎಂದ.

ಶುಕ್ರವಾರ ಟೆಂಟಿನಲ್ಲಿ ನಾನು ಎದ್ದು ನಿಂತು, ತಪ್ಪು ನನ್ನದು, ಐವರೂ ಒಬ್ಬರೇ ಎಂದು ಹಾಳೆಗಳನ್ನು ತೋರಿಸಿದೆ. ಯಜಮಾನರು ಕಹಳೆಯನ್ನು ತಾವೇ ಎತ್ತಿ ಮಾವನ ಕೈಗೆ ಕೊಟ್ಟರು. ಜಡ್ಜು ಬಾಗಿಲಿಗೆ ಯಾಕೆ ಬಂದರು ಎಂದು ಜನ ಕೇಳಿದರು. ಮಾವ ಕಹಳೆಯಲ್ಲಿ ಹೇಳಿದ: "ಕಾಲಿಗೆ ಪೆಟ್ಟಾಗಿದೆ. ಅದಕ್ಕೆ ಹಗುರವಾದ ಕೆಲಸ ಕೊಟ್ಟಿದ್ದಾರೆ." ಜನ ಒಪ್ಪಿದರು. ದೊಡ್ಡಯ್ಯ ಮಾತ್ರ ಆಟ ಮುಗಿಯುವವರೆಗೂ ಕಾದು ಹತ್ತಿರ ಬಂದ.

"ಕೆಡ್ತಾನೇ ಐತೆ ಅನ್ನಿ."

"ಸದ್ಯಕ್ಕೆ ಒಸಿ ಕೆಟ್ಟೈತೆ ದೊಡ್ಡಯ್ಯ," ಎಂದ ಮಾವ.

ಮಾರನೇ ದಿನವೇ ದೊಡ್ಡಯ್ಯ ಒಂದು ಕುಡಿಕೆ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದ. ಕುರಿಕೊಬ್ಬಿನಲ್ಲಿ ಯಾವುದೋ ಬೇರು ಅರೆದು ಕಾಸಿದ ಲೇಪ. ವಾಸನೆಗೆ ನಮ್ಮವ್ವ ಸೆರಗು ಮೂಗಿಗೆ ಹಿಡಿದಳು. "ಆವಯ್ಯಂಗೆ ಕಳ್ಸಿಕೊಡಿ. ಕಾಲು ಉಳುಕಿದ ಕುರಿಗೆ ಇದನ್ನೇ ಹಚ್ಚಾದು. ಬಿಸಿನೀರಲ್ಲಿ ತೊಳ್ದು, ಒಣಗಿಸ್ಕಂಡು, ಮ್ಯಾಲಿಂದ ಕೆಳಕ್ಕೆ ತಿಕ್ಕಬೇಕು. ಕೆಳಗಿಂದ ಮ್ಯಾಕೆ ತಿಕ್ಕುಬ್ಯಾಡಿ ಅಂತ ಬರೀರಿ," ಎಂದು ನನಗೆ ಹೇಳಿದ.

ಮಾವ ಚನ್ನಪಟ್ಟಣದಿಂದ ಅರಗಿನ ಬಣ್ಣ ಹಾಕಿದ ಒಂದು ಕುಂಕುಮದ ಭರಣಿ ತರಿಸಿ, ಲೇಪವನ್ನು ಅದಕ್ಕೆ ತುಂಬಿದ. ಕಾಗದ ನಾನು ಬರೆದೆ. ಮಾವ ನಿಂತುಕೊಂಡು ಹೇಳಿದ, ಇಂಗ್ಲಿಷಲ್ಲವೇ. ತಟ್ಟೆ ಹಿಡಿಯುವ ಸೊಗಸಿಗೆ ಒಂದು ಸಾಲು, ಮಾಗಡಿಯ ಮಹಾಜನರ ನಮಸ್ಕಾರ ಒಂದು ಸಾಲು, ಮೇಲಿಂದ ಕೆಳಕ್ಕೆ ತಿಕ್ಕುವ ವಿಷಯ ಹನ್ನೊಂದು ಸಾಲು. ಹಾಳೆಯಲ್ಲಿದ್ದ ಚಿತ್ರ ಕಂಪನಿಯ ವಿಳಾಸಕ್ಕೆ ಭರಣಿ ಹೊರಟಿತು.

ಇನ್ನು ಮಾವನ ದೊಡ್ಡ ಕಿತಾಪತಿ. ಟೆಂಟು ಕನಕಪುರಕ್ಕೆ ಹೋಗುವುದಿತ್ತು. ಹುಬ್ಬಯ್ಯನ ಇನ್ನೂ ಆರು ಚಿತ್ರಗಳು ಬೆಂಗಳೂರಿನ ಉಗ್ರಾಣದಲ್ಲಿವೆ ಎಂದು ಗುಮಾಸ್ತರು ಹೇಳಿದ್ದನ್ನು ನಾನು ಬಾಯಿಬಿಟ್ಟಿದ್ದೆ. ಮಾವ ಯಜಮಾನರ ಹಿಂದೆ ಬಿದ್ದ. ತಿಂಗಳಿಗೊಂದರಂತೆ ತರಿಸಬೇಕು, ಆದರೆ ಕೊನೆಗೆ ತೆಗೆದದ್ದು ಮೊದಲು, ಮೊದಲು ತೆಗೆದದ್ದು ಕೊನೆಗೆ.

"ಯಾಕೆ ಮಾವ?" ಎಂದೆ.

"ದೊಡ್ಡಯ್ಯ ಮಂದೆ ಹೊಡ್ಕಂಡು ಮರಳವಾಡಿ ಕಡೆ ಹೋಗ್ತಾನಂತೆ. ಅಲ್ಲಿಂದ ಆಟಕ್ಕೆ ಬತ್ತೀನಿ ಅಂದವ್ನೆ," ಎಂದ. ಅಷ್ಟೇ ಉತ್ತರ.

ದೊಡ್ಡಯ್ಯ ಬಂದ. ಯಾವುದೋ ಹೊಲದಲ್ಲಿ ಕುರಿ ತರುಬಿ, ಮಗನನ್ನು ಕಾವಲಿಗೆ ಬಿಟ್ಟು, ತಿಂಗಳಿಗೊಂದು ಶುಕ್ರವಾರ ಕನಕಪುರದ ಟೆಂಟಿಗೆ ತಪ್ಪದೆ ಬಂದ. ನಾನೂ ಮಾಗಡಿಯಿಂದ ಹೋಗಿ ಅವನ ಪಕ್ಕ ಕೂರುತ್ತಿದ್ದೆ. ಮೊದಲನೇ ತಿಂಗಳು ಹುಬ್ಬಯ್ಯ ಕುರ್ಚಿಯಿಂದ ಏಳಲೇ ಇಲ್ಲ. ಎರಡನೇ ತಿಂಗಳು ಕೋಲೂರಿ ಎದ್ದ. ಮೂರನೇ ತಿಂಗಳು ಕೋಲು ಬಿಟ್ಟ. ನಾಲ್ಕನೆಯದರಲ್ಲಿ ತೋಟದಲ್ಲಿ ನಾಲ್ಕು ಹೆಜ್ಜೆ ಸಲೀಸಾಗಿ ಹಾಕಿದ. ದೊಡ್ಡಯ್ಯ ನನ್ನ ತೊಡೆ ತಟ್ಟಿ, "ಹತ್ತೈತೆ ಮೇಷ್ಟ್ರೇ, ಮದ್ದು ಹತ್ತೈತೆ," ಎಂದ. ನಾನು ಬಿ.ಎ. ಓದಿದವನು. ಬಾಯಿ ಮುಚ್ಚಿಕೊಂಡಿದ್ದೆ.

ಆರನೇ ತಿಂಗಳು, ಕೊನೆಯ ಚಿತ್ರಕ್ಕೆ ಎರಡು ದಿನ ಮುಂಚೆ, ಮಾವ ಮನೆಗೆ ಬಂದಿದ್ದಾಗ, ಭರಣಿ ವಾಪಸು ಬಂತು. ಕಟ್ಟಿದ ಬಟ್ಟೆಯನ್ನು ಯಾರೂ ಬಿಚ್ಚಿರಲಿಲ್ಲ. ಮೇಲೊಂದು ಚೀಟಿ ಅಂಟಿಸಿದ್ದರು. ಓದಿ ಹೇಳು ಎಂದ ಮಾವ. ಇವರು ತೀರಿಕೊಂಡು ಎಂಟು ವರ್ಷವಾಯಿತು ಎಂದಿತ್ತು. ಮಾವ ದಂಡಿನ ಬಂಗಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಕಾಲಕ್ಕೇ ಆತ ಹೋಗಿಬಿಟ್ಟಿದ್ದ.

ಮಾವ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಬಾವಿಯ ಹತ್ತಿರ ಹೋಗಿ, ತಲೆಯ ಮೇಲೆ ತಣ್ಣೀರು ಸುರಿದುಕೊಂಡ. ದೂರದ ನೆಂಟರು ಹೋದ ಸುದ್ದಿ ಬಂದರೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಅದು ಯಾರ ಮೈಲಿಗೆ ಎಂದು ಅವ್ವ ಕೇಳಿದಳು. "ಜೊತೇಲಿ ಕೆಲಸ ಮಾಡ್ತಿದ್ದೋರು," ಎಂದ.

ಶುಕ್ರವಾರ ಮಾವ ಎಂದಿನಂತೆ ಪರದೆಯ ಪಕ್ಕ ನಿಂತ. ಕುದುರೆಯಿಂದ ಬೀಳುವುದಕ್ಕೆ ಮುಂಚಿನ ಚಿತ್ರ ಅದು. ಹುಬ್ಬಯ್ಯ ಯಾವುದೋ ಅರಮನೆಯ ಯಜಮಾನ. ಯಾರೋ ಬಂದರೆಂದು ಸುದ್ದಿ ಕೇಳಿ, ಒಂದು ಉದ್ದನೆಯ ಮೆಟ್ಟಿಲಸಾಲನ್ನು ಎರಡೆರಡೇ ಹಾರಿಕೊಂಡು ಹತ್ತಿಬಿಟ್ಟ. ನೆಲ ಸಿಳ್ಳೆ ಹಾಕಿತು. ರೀಲು ಮುಗಿದು ದೀಪ ಹತ್ತಿದಾಗ ದೊಡ್ಡಯ್ಯ ಜನರ ನಡುವೆ ಎದ್ದು ನಿಂತಿದ್ದ. ಕಂಬಳಿ ಹೆಗಲಿಂದ ಜಾರಿತ್ತು.

"ಬಟ್ಲರಣ್ಣ, ಆವಯ್ಯನಿಂದ ಕಾಗ್ದ ಏನಾರ ಬಂತಾ?"

ಮಾವ ಕಹಳೆ ಕೆಳಗಿಟ್ಟ.

"ಬಂತು ದೊಡ್ಡಯ್ಯ. ವಾಸಿ ಆಯ್ತಂತೆ. ನಿಂಗೆ ನಮಸ್ಕಾರ ತಿಳಿಸವ್ರೆ."

ದೊಡ್ಡಯ್ಯ ತಲೆಯಾಡಿಸಿ ಕೂತ.

ಮರುವಾರ ಅವನು ಇನ್ನೊಂದು ಕುಡಿಕೆ ತಂದುಕೊಟ್ಟ. ಚಳಿಗಾಲದಲ್ಲಿ ಹಳೇ ನೋವು ಮರುಕಳಿಸುತ್ತದೆ, ಮನೆಯಲ್ಲಿ ಇಟ್ಟುಕೊಂಡಿರಲಿ ಎಂದ. ಮಾವ ಅದನ್ನೂ ಇನ್ನೊಂದು ಭರಣಿಗೆ ತುಂಬಿ, ಬಟ್ಟೆ ಸುತ್ತಿ ಹೊಲಿದ. ನಾನು ಮೊದಲಿನದೇ ವಿಳಾಸ ಬರೆದೆ. ಅವನೇ ಅಂಚೆ ಕಚೇರಿಗೆ ನಡೆದು ಹೋಗಿ ಕೊಟ್ಟು ಬಂದ.